ದಂಟಿನ ಮೂರು ಕಿಲೋ

"ನಿಮಗ ಹೆದರಿಕಿ ಬರಂಗಿಲ್ಲೇನ್ರಿ?"

ಕೇಳಿದವಳು ಅಂಜನಾ. ಪಕ್ಕದ ಕುರ್ಚಿಯ ತುಂಬ ಕೂತಿದ್ದ ಅಪರಿಚಿತ ತಿರುಗಿ ನೋಡಿದ. ದುಂಡು ಮುಖ, ದೊಡ್ಡ ಮೈಕಟ್ಟು.

"ಬರ್ತದ್ರಿ. ಹಂಗಂತ ಬಿಡೂದೇನು?" ಎಂದು ನಕ್ಕ.

ಎಷ್ಟು ಸರಳವಾಗಿ ಒಪ್ಪಿಕೊಂಡನಲ್ಲ! ಹೆದರಿಕೆ ಇದೆ ಎಂದು ಇಷ್ಟು ಆರಾಮಾಗಿ ಹೇಳುವ ಗಂಡಸನ್ನು ಅಂಜನಾ ಅದೇ ಮೊದಲು ನೋಡಿದ್ದು. ಕಲಬುರಗಿಯ ಲ್ಯಾಬೊಂದರಲ್ಲಿ ದಿನವೂ ಹತ್ತಾರು ಜನರ ತೋಳಿಗೆ ಸೂಜಿ ಚುಚ್ಚುವ ಕೈ ಅವಳದು. ಅದೇ ಕೈ ಅಂದು ಫಾರಂನಲ್ಲಿ ತನ್ನ ಹೆಸರನ್ನೇ ಎರಡು ಸಲ ತಪ್ಪು ಬರೆದಿತ್ತು!

ಅದು ಹಮೀದ್ ಭಾಯಿಯ ಟ್ರಾವೆಲ್ಸ್ ಆಫೀಸು. ದುಬೈ ಪ್ರವಾಸಕ್ಕೆ ಹೆಸರು ಕೊಟ್ಟವರು ಹದಿನಾಲ್ಕು ಜನ. ಮೂರನೇ ದಿನ ಹನ್ನೆರಡು ಮಂದಿ ಬಂಗಾರದ ಬಜಾರಿಗೆ ಹೋಗುವವರು. ಹದಿಮೂರು ಸಾವಿರ ಅಡಿ ಮೇಲೆ ವಿಮಾನದಿಂದ ಜಿಗಿಯುತ್ತೇವೆ ಎಂದು ಬರೆಸಿದವರು ಇವರಿಬ್ಬರೇ. ಒಬ್ಬೊಬ್ಬರನ್ನೂ ಒಬ್ಬ ತರಬೇತುದಾರ ತನ್ನ ಎದೆಗೆ ಬಿಗಿದುಕೊಂಡು ಜಿಗಿಯುತ್ತಾನೆ, ಒಂದೇ ಪ್ಯಾರಾಚೂಟಿನಲ್ಲಿ ಇಳಿಸುತ್ತಾನೆ.

"ಕಮ್ಮಿ ಅಂದ್ರ ಇಬ್ಬರು ಬೇಕು," ಎಂದ ಹಮೀದ್. "ಒಬ್ಬರು ಕೈಕೊಟ್ರ ಇನ್ನೊಬ್ಬರದೂ ಕ್ಯಾನ್ಸಲ್. ಮತ್ತ ತೂಕ ತೊಂಬತ್ತೈದು ಕಿಲೋ ದಾಟಬಾರದು. ಶಿವಶರಣ, ನಿಮ್ಮದು ಎಷ್ಟದ?"

"ತೊಂಬತ್ನಾಲ್ಕು. ಕಮಲಾಪುರದಾಗ ನಮ್ಮದ ಬಾಳೆ ಮಂಡಿ ಅದ. ಅಲ್ಲೇ ಕಾಂಟಾದ ಮ್ಯಾಲ ನಿಂತು ನಿನ್ನೆ ತೂಗಿಸೀನಿ," ಎಂದ ಶಿವಶರಣ, ಎದೆ ಉಬ್ಬಿಸಿ.

ಅಂಜನಾ ಸಮಾಧಾನದ ಉಸಿರು ಬಿಟ್ಟಳು. ಅಪ್ಪ ತೀರಿದ ಮೇಲೆ ಅವಳ ಸಂಬಳವೆಲ್ಲ ಮನೆಗೆ, ತಮ್ಮನ ಓದಿಗೆ. ಇಪ್ಪತ್ತೊಂಬತ್ತು ವರ್ಷದಲ್ಲಿ ತನಗೆಂದೇ ಅವಳು ಆಸೆಪಟ್ಟದ್ದು ಇದೊಂದೇ ಜಿಗಿತ. ಐದು ವರ್ಷ ಕಾದಿದ್ದಳು.

ಆಮೇಲಿನದು ನಿಮಗೆ ಗೊತ್ತೇ ಇದೆ. ಫಾರಂ ನೆಪ, ಫೋಟೋ ನೆಪ, ನೆಪ ಮುಗಿದ ಮೇಲೆ ಚಹಾದ ನೆಪ!

"ವಿಮಾನದಿಂದ ಹೊರಗ ಬೀಳೂವಾಗ ಮೈ ಬಾಳೆಹಣ್ಣಿನಂಗ ಬಾಗಿಸಬೇಕಂತ್ರಿ," ಎಂದು ಒಂದು ದಿನ ಫೋನಿನಲ್ಲಿ ವಿಡಿಯೋ ತೋರಿಸಿದ. "ಇದು ನಮ್ಮ ಮನಿ ಕಸುಬು. ನಿಮಗ ನಾ ಕಲಸ್ತೀನಿ."

ಅವಳು ಚಹಾ ನೆತ್ತಿಗೇರುವಷ್ಟು ನಕ್ಕಳು. ನಗುತ್ತ ನಗುತ್ತಲೇ ತಿಳಿಯಿತು, ಈಗ ತಾನು ಕಾಯುತ್ತಿರುವುದು ದುಬೈಯನ್ನಷ್ಟೇ ಅಲ್ಲ.

ಶಹಾಬಜಾರದ ಮನೆಯಲ್ಲಿ ಅವ್ವ ಜಯದೇವಿಗೆ ಇದೆಲ್ಲ ಕಾಣದೆ ಇರುತ್ತದೆಯೇ?

"ಫಾರಂಗೆ ಮನಿಯವರ ಒಪ್ಪಿಗಿ ಅಂತ ನನ್ನ ಸಹಿ ಬೇಕಂದ್ಯಲ್ಲ, ಅವನ ಕೈಲೇ ಕಳಸು," ಎಂದಳು. "ಶೇಂಗಾ ಹೋಳಿಗಿ ನೀಡ್ತೀನಿ. ನಮ್ಮ ತವರುಮನಿಯಾಗ ಮದುವಿ ಮಾತು ಬಾಯಿಬಿಟ್ಟು ಕೇಳೂದಿಲ್ಲ. ಎರಡನೇದ್ದು ಬ್ಯಾಡ ಅನ್ನದೆ ತಿಂದ್ರ, ಹುಡುಗನ ಮನಸ್ಸಿನಾಗ ಅದ ಅಂತ ತಿಳೀತೀವಿ. ನಾನ ಮುಂದ ಮಾತು ತಗೀತೀನಿ."

ಶಿವಶರಣ ಬಂದ. ತುಪ್ಪ ಸವರಿದ ಹೋಳಿಗೆಯ ತಟ್ಟೆ ಮುಂದೆ ಬಂತು. ಅಂಜನಾ ಬಾಗಿಲ ಮರೆಯಿಂದ ನೋಡುತ್ತಿದ್ದಳು.

ಅವನು ತಟ್ಟೆಯನ್ನೇ ನೋಡಿದ. ಉಗುಳು ನುಂಗಿದ. ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಬ್ಯಾಡ್ರಿ ಅವ್ವಾರ... ತಪ್ಪು ತಿಳೀಬ್ಯಾಡ್ರಿ. ನೀರು ಸಾಕು."

ಎರಡನೆಯದಲ್ಲ, ಮೊದಲನೆಯದನ್ನೇ ಮುಟ್ಟಲಿಲ್ಲ! ಜಯದೇವಿ ಸಹಿ ಹಾಕಿಕೊಟ್ಟು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂಜನಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. 'ನಾನೇ ಇಲ್ಲದ್ದನ್ನೆಲ್ಲ ಕಟ್ಟಿಕೊಂಡೆ... ಅವನಿಗೆ ನಾನು ಬರೀ ಪ್ರವಾಸದ ಜೊತೆ.'

ಮರುದಿನ ಮಧ್ಯಾಹ್ನ ಮೆಸೇಜು ಬಂತು. 'ನನಗ ಬರಾಕ ಆಗಲಿಕ್ಕಿಲ್ರಿ. ನಿಮಗ ಬ್ಯಾರೆ ಜೋಡಿ ಹುಡುಕಿ ಕೊಡ್ತೀನಿ. ನಿಮ್ಮ ಜಿಗಿತ ನಿಲ್ಲೂದಿಲ್ಲ.'

ಬೇರೆ ಜೋಡಿ! ಅಳು ಹೋಗಿ ಸಿಟ್ಟು ಬಂತು. ಕೈಕೊಡುವುದಾದರೆ ಎದುರಿಗೆ ನಿಂತು ಹೇಳಲಿ! ಭಾನುವಾರ ಬೆಳಿಗ್ಗೆಯೇ ಹೊರಟಳು. ದಾರಿಯಲ್ಲಿ ಹಸಿವಾದೀತೆಂದು ಅವ್ವ ಒಂದು ಡಬ್ಬಿ ಚೀಲಕ್ಕೆ ಹಾಕಿದಳು. ಬಸ್ಸು ಮಹಾಗಾಂವ ದಾಟುವವರೆಗೆ ಅಂಜನಾ ಬೈಗುಳ ಜೋಡಿಸಿಕೊಂಡಳು. ಕಮಲಾಪುರ ಬಂದಾಗ ಅರ್ಧ ಮರೆತೇಹೋಗಿದ್ದವು.

ಮಂಡಿಯಲ್ಲಿ ಕೆಂಪು ಬಾಳೆಯ ಗೊನೆಗಳು ಸಾಲಾಗಿ ಮಲಗಿದ್ದವು. ಕಾಂಟಾದ ಪಕ್ಕ ಬಿಳಿ ಮೀಸೆಯ ಮುದುಕನೊಬ್ಬ ರಾಗವಾಗಿ ಕೂಗುತ್ತಿದ್ದ.

"ನೂರಾ ಎರಡು... ಗೊನಿ ದಂಟಿಗೆ ಮೂರು ಕಿಲೋ ವಜಾ... ತೊಂಬತ್ತೊಂಬತ್ತು!"

ಶಿವಶರಣ ಬೆವರು ಒರೆಸಿಕೊಳ್ಳುತ್ತ ಬಂದವನು ಅವಳನ್ನು ಕಂಡು ನಿಂತಲ್ಲೇ ನಿಂತ. ಮುಖ ಬಾಡಿತ್ತು. ಅಂಗಿ ಸಡಿಲಾಗಿತ್ತು.

"ಯಾಕ್ರಿ?" ಎಂದಳು. ಬೈಗುಳದಲ್ಲಿ ಉಳಿದದ್ದು ಅದೊಂದೇ ಮಾತು.

ಅವನು ತಲೆ ತಗ್ಗಿಸಿದ. "ನನ್ನ ತೂಕ ತೊಂಬತ್ನಾಲ್ಕು ಅಲ್ರಿ, ತೊಂಬತ್ತೇಳು. ಮೆಡಿಕಲ್ ಅಂಗಡಿ ಮಷೀನಿನ್ಯಾಗ ನೋಡಿದ ಮ್ಯಾಲ ತಿಳೀತು. ದಿನಾ ಎರಡು ಹೊತ್ತು ನಡ್ಯಾಕತ್ತೀನಿ, ಸಕ್ರಿ, ತುಪ್ಪ ಎಲ್ಲಾ ಬಿಟ್ಟೀನಿ... ಇಳಿಯವಲ್ದು."

"ಮತ್ತ ತೊಂಬತ್ನಾಲ್ಕು ಅಂತ ಹೇಳಿದವರು ಯಾರು?"

ಕಾಂಟಾದ ಮುದುಕ ಮುಂದೆ ಬಂದ. ಅವನೇ ದೌಲಪ್ಪ, ಮಂಡಿಯ ತೂಕದವ. "ನಂದ ತಪ್ಪು, ತಾಯಿ. ಮೂವತ್ತು ವರ್ಷದ ರೂಢಿ. ಕಾಂಟಾದ ಮ್ಯಾಲ ಏನು ಇಟ್ರೂ ದಂಟಿನ ಮೂರು ಕಿಲೋ ಕಳದು ಹೇಳ್ತದ ಈ ಬಾಯಿ. ಮನಷ್ಯಾಗ ದಂಟು ಇರೂದಿಲ್ಲಂತ ಆ ಹೊತ್ತಿಗೆ ನೆನಪಾಗಲಿಲ್ಲ!"

ಅಂಜನಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂತು, ಹಿಂದೆಯೇ ಅಳುವೂ ಬಂತು.

"ನನಗ ಒಂದು ಮಾತು ಹೇಳಬಾರದೇನ್ರಿ?"

"ಹೆಂಗ ಹೇಳ್ಲಿ? ನೀವು ಐದು ವರ್ಷ ಕಾದದ್ದು ನನ್ನ ಹೊಟ್ಟಿ ಸಲುವಾಗಿ ನಿಂತ್ರ... ನಿಮಗ ಮಾರಿ ಹೆಂಗ ತೋರಿಸ್ಲಿ, ಅಂಜನಾ?"

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಅದಕ್ಕ ಹೋಳಿಗಿ ತಿನ್ನಲಿಲ್ಲೇನು?"

"ಎರಡು ದಿನ ಅದರ ಘಮ ಮೂಗಿನಾಗ ಇತ್ತು," ಎಂದ ಸಂಕಟದಿಂದ.

"ಅದು ಬರೇ ಹೋಳಿಗಿ ಅಲ್ರಿ." ಅವಳು ನೆಲ ನೋಡುತ್ತ ಅವ್ವನ ತವರುಮನೆಯ ಪದ್ಧತಿಯನ್ನು ಹೇಳಿದಳು. ಕೊನೆಯ ಮಾತಿಗೆ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ಶಿವಶರಣ ಹಣೆ ಹಣೆ ಬಡಿದುಕೊಂಡ. "ಅಯ್ಯೋ! ಅದು ಪ್ರಶ್ನಿ ಅಂತ ನನಗೇನು ಗೊತ್ತು!"

"ಕಾಕಾ, ಇವರನ್ನ ಈಗ ತೂಗ್ರಿ," ಎಂದಳು ಅಂಜನಾ. "ದಂಟು ಕಳೀಬ್ಯಾಡ್ರಿ."

ಅವನು ಕಾಂಟಾ ಹತ್ತಿದ. ದೌಲಪ್ಪ ಎರಡು ಸಲ ನೋಡಿ ಕೂಗಿದ. "ತೊಂಬತ್ತಾರು! ವಜಾ ಇಲ್ಲದ್ದು!"

"ಇನ್ನ ಹನ್ನೆರಡು ದಿನ ಅದಾವ," ಎಂದಳು ಅವಳು. "ಒಂದು ಕಿಲೋ ಇಳೀತೋ, ಕೂಡೇ ಜಿಗಿಯೂಣು. ಇಳೀಲಿಲ್ಲೋ, ಮುಂದಿನ ವರ್ಷ ಹೋಗೂಣು. ಐದು ವರ್ಷ ಕಾದೀನಿ, ಇನ್ನೊಂದು ವರ್ಷ ಕಾಯ್ತೀನಿ. ಬ್ಯಾರೆ ಜೋಡಿ ನನಗ ಬ್ಯಾಡ... ಮ್ಯಾಲೂ ಬ್ಯಾಡ, ಕೆಳಗೂ ಬ್ಯಾಡ."

ಅವನ ಕಣ್ಣು ತುಂಬಿತು. ಅವಳ ಚೀಲದತ್ತ ಕೈ ತೋರಿಸಿದ.

"ಘಮ ಬರಾಕತ್ತದ... ಅದರಾಗ ಏನದ?"

ಅವ್ವನ ಡಬ್ಬಿ ತೆರೆದಳು. ಶೇಂಗಾ ಹೋಳಿಗೆ, ಎರಡೇ ಎರಡು. ಅವ್ವ ಎಷ್ಟು ಲೆಕ್ಕ ಹಾಕಿ ಇಟ್ಟಿದ್ದಳೆಂದು ಮಗಳಿಗೆ ಆಗ ತಿಳಿಯಿತು.

ಶಿವಶರಣ ಮೊದಲನೆಯದನ್ನು ಅಲ್ಲೇ ನಿಂತು ಪೂರ್ತಿ ತಿಂದ. ಮತ್ತೆ ಕೈ ಚಾಚಿದ.

"ಸಾಕ್ರಿ... ತೂಕ!"

"ಎರಡನೇದ್ದು ಬ್ಯಾಡ ಅಂದ್ರ ನಿಮ್ಮವ್ವ ಏನು ತಿಳ್ಕೋತಾರ? ಕಾಕಾ, ಇದನ್ನ ದಂಟಿಗೆ ಹಿಡ್ಕೋರಿ!"

"ಆಗಂಗಿಲ್ಲಪ್ಪ," ಎಂದ ದೌಲಪ್ಪ ಗಂಭೀರವಾಗಿ. "ಇನ್ನ ಮ್ಯಾಲ ಮನಷ್ಯಾರಿಗೆ ವಜಾ ಬಂದ್!"

ಅಂಜನಾ ನಗುತ್ತ ಹೋಳಿಗೆಯನ್ನು ಎರಡು ತುಂಡು ಮಾಡಿ, ಒಂದನ್ನು ಅವನ ಅಂಗೈಗಿಟ್ಟಳು.

"ಹಂಗಾದ್ರ ಅರ್ಧ ತೂಕ ನನ್ನ ಮ್ಯಾಲ ಇರಲಿ."

"ಇದೊಂದು ಸಲನಾ?"

"ಯಾವಾಗಲೂ," ಎಂದಳು.