ಹೊಸ್ತಿಲಾಚೆಯ ರಿಪೇರಿ

"ಕಂಪ್ಯೂಟರ್ ಹೊರಗೆ ಕೊಡಿ. ನಾನು ಒಳಗೆ ಬರೋದಿಲ್ಲ."

ಇಷ್ಟು ಹೇಳಿ ಚೌಡೇಶ್ ಜಗಲಿಯ ಮೇಲೆ ಕುಳಿತೇಬಿಟ್ಟ. ಬಾಗಿಲಲ್ಲಿ ನಿಂತಿದ್ದ ನಾಗಶ್ರೀಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಶಿಕಾರಿಪುರದ ಆ ಬೀದಿಯಲ್ಲಿ ಅವಳ ಅಂಗಡಿ ಬೇರೆ, ಮನೆ ಬೇರೆ ಅಲ್ಲ. ಮುಂದಿನ ಕೋಣೆಯಲ್ಲಿ ರವಿಕೆಗೆ ಕಸೂತಿ ಹಾಕುವ ಕಂಪ್ಯೂಟರ್ ಮಿಷನ್ನು, ಅದರ ಹಿಂದೆಯೇ ಅಡುಗೆಮನೆ. ಮೊದಲೆಲ್ಲ ಇದೇ ಚೌಡೇಶ್ ಭಾನುವಾರ ಸೊರಬದ ಬಸ್ಸಿಳಿದು, ನೇರ ಒಳಗೆ ಬಂದು, ತಾನೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದವನು. ನಾಗಶ್ರೀಯ ಸೋದರತ್ತೆ ಬಸಕ್ಕ ಕೊಟ್ಟ ಮಂಡಕ್ಕಿಯನ್ನು ತಟ್ಟೆ ಖಾಲಿಯಾಗುವ ತನಕ ಬಿಡುತ್ತಿರಲಿಲ್ಲ.

'ಈಗ ಹೊಸ್ತಿಲು ಕೂಡ ಬೇಡವಾಯಿತೇ... ಅಷ್ಟೊಂದು ಬೇಡವಾದೆನೇ ನಾನು!'

ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಇವತ್ತು ಜಗಳ ಆಡುವಂತಿರಲಿಲ್ಲ. ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಅವಳ ಅವ್ವನ ಚಿತ್ತಾರಗಳಿದ್ದವು.

ಅವ್ವ ಸೊರಬದ ಕಡೆಯವಳು. ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಎತ್ತಿದ ಕೈ. ಕಾಯಿಲೆ ಬಿದ್ದ ಮೇಲೆ ಮಗಳಿಗಿರಲಿ ಎಂದು ಅವನ್ನೆಲ್ಲ ಕಾಗದದ ಮೇಲೆ ಬರೆದಿಟ್ಟು ಕಣ್ಣು ಮುಚ್ಚಿದಳು. ಆ ಕಾಗದಕ್ಕೆ ಗೆದ್ದಲು ಹಿಡಿದಾಗ, ಉಳಿದ ಗೆರೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದು ನಾಗಶ್ರೀ. ಪಕ್ಕದಲ್ಲಿ ಕೂತು ಕಲಿಸಿದವನು ಚೌಡೇಶ್, ಸೊರಬದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು.

ಕಸೂತಿ ಮಿಷನ್ನಿಗೆ ವಿಂಡೋಸ್ ಇಲ್ಲದೆ ನಡೆಯದು. ಚಿತ್ರ ಬರೆಯಲು ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಗುರ ಎಂದು ಅವನು ಒಂದೇ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಹಾಕಿಕೊಟ್ಟಿದ್ದ. ಸ್ವಿಚ್ ಹಾಕಿದರೆ ಯಾವುದು ಬೇಕು ಎಂದು ಪರದೆಯೇ ಕೇಳುತ್ತಿತ್ತು. ಮುಗಿದ ಚಿತ್ತಾರಗಳು ವಿಂಡೋಸ್ ಕಡೆಯ ಡಿ ಡ್ರೈವಿಗೆ ಹೋಗುತ್ತಿದ್ದವು. ಲಿನಕ್ಸ್ ಪಾಲಿನಲ್ಲಿ ಇದ್ದದ್ದು ಅರ್ಧ ಬರೆದವು, ಮತ್ತು ಇಬ್ಬರೂ ಕೂತು ಕಳೆದ ಆ ಭಾನುವಾರಗಳು.

ಮುಂದಿನ ವಾರ ನಮ್ಮ ಅವ್ವನನ್ನು ಕರೆದುಕೊಂಡು ಹೆಣ್ಣು ಕೇಳಲು ಬರುತ್ತೇನೆ ಎಂದು ಹೇಳಿ ಹೋದವನು ಆ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ, ಸ್ವಲ್ಪ ತಡೀರಿ ಎಂಬ ಒಂದೇ ಮಾತು. ಅಷ್ಟರಲ್ಲಿ ರವಿಕೆ ಹೊಲಿಸಲು ಬಂದ ಸೊರಬದ ವರದಮ್ಮ, ಚೌಡೇಶನ ಮನೆಯಲ್ಲಿ ಹೆಣ್ಣಿನ ಮಾತು ನಡೆಯುತ್ತಿದೆಯಂತೆ, ದೇವರನ್ನೂ ಕೇಳಿದ್ದಾರಂತೆ ಎಂದು ಸುದ್ದಿ ಹಾಕಿ, ಅಳತೆ ಕೊಟ್ಟು ಹೋದಳು.

ಬೇರೆ ಹೆಣ್ಣು!

ಆ ಸಿಟ್ಟಿನಲ್ಲೇ ನಾಗಶ್ರೀ ಅವನ ಲಿನಕ್ಸ್ ಪಾಲನ್ನು ಅಳಿಸಿಹಾಕಿದಳು. ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅದಕ್ಕಿದ್ದ ವಿವೇಕ ಅವಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆ. ಮೂಲೆಯಲ್ಲಿ 'ಗ್ರಬ್ ರೆಸ್ಕ್ಯೂ' ಎಂಬ ಇಂಗ್ಲಿಷ್ ಅಕ್ಷರ, ಮಿಣುಕುವ ಒಂದು ಗೆರೆ. ವಿಂಡೋಸೂ ಇಲ್ಲ, ಅವ್ವನ ಚಿತ್ತಾರವೂ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿಯವನು, ಫಾರ್ಮ್ಯಾಟ್ ಹೊಡೆಯಬೇಕು, ಒಳಗಿರುವುದು ಉಳಿಯುವ ಭರವಸೆ ಇಲ್ಲ ಎಂದ. ಪೆಟ್ಟಿಗೆಯನ್ನು ಮಗುವಿನಂತೆ ಅವಚಿಕೊಂಡು ಮನೆಗೆ ಬಂದವಳು, ಮಾನ ಬದಿಗಿಟ್ಟು ಚೌಡೇಶನಿಗೆ ಫೋನ್ ಮಾಡಿದ್ದಳು. ಅವನು ಸಿಕ್ಕ ಬಸ್ಸು ಹಿಡಿದು ಬಂದಿದ್ದ. ಬಂದು, ಹೀಗೆ ಜಗಲಿಯಲ್ಲಿ ಕೂತಿದ್ದ.

ಅವಳು ಮಾನಿಟರ್, ಪೆಟ್ಟಿಗೆ, ಕೀಬೋರ್ಡ್ ಎಲ್ಲವನ್ನೂ ಹೊಸ್ತಿಲ ಮೇಲಿಂದ ದಾಟಿಸಿ, ಒಳಗಿನ ಯುಪಿಎಸ್‌ನಿಂದ ವೈರು ಎಳೆದು ಕೊಟ್ಟಳು. ನೀನು ಒಳಗೆ ಬರದಿದ್ದರೆ ನಾನೂ ಹೊರಗೆ ಬರುವವಳಲ್ಲ ಎಂಬ ಬಿಗುವಿನಿಂದ ಹೊಸ್ತಿಲ ಒಳಮಗ್ಗುಲಿಗೆ ಕುಳಿತಳು.

ಪರದೆ ನೋಡಿದ ಚೌಡೇಶನ ಹುಬ್ಬು ಗಂಟಾಯಿತು.

"ಯಾರು ಅಳಿಸಿದ್ದು?"

"ನಾನೇ."

"ಗೊತ್ತಾಗದೆ ಆಯ್ತಾ?"

"ಗೊತ್ತಿದ್ದೇ ಮಾಡಿದ್ದು. ನಿಮ್ದು ಅನ್ನೋದು ಏನೂ ಇಲ್ಲಿ ಇರೋದು ಬೇಡ ಅನ್ನಿಸ್ತು."

ಅವನ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ನೋವಾಗಿದೆ ಎಂದು ಅವಳಿಗೆ ಗೊತ್ತಾಯಿತು. ಆಗಲಿ ಎಂದುಕೊಂಡಳು. ಆದರೆ ನೋವು ತನಗೂ ಯಾಕೆ ಆಯಿತೋ ತಿಳಿಯಲಿಲ್ಲ.

"ಅಳಿಸಿದ ಜಾಗದಲ್ಲಿ ಬೇರೆ ಏನಾದ್ರೂ ತುಂಬಿದೀರಾ?" ಅವನು ತಲೆ ಎತ್ತದೆ ಕೇಳಿದ.

"ಇಲ್ಲ. ಖಾಲಿ ಐತೆ."

ಅವನು ದೀರ್ಘವಾಗಿ ಉಸಿರುಬಿಟ್ಟ. ಆಮೇಲೆ ಮೇಷ್ಟರ ದನಿಯಲ್ಲಿ ವಿವರಿಸಿದ: ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರ್ ಮೊದಲು ಹೋಗುತ್ತಿದ್ದದ್ದು ಲಿನಕ್ಸ್ ಪಾಲಿಗೆ. ಯಾವುದು ಬೇಕೆಂದು ಕೇಳಿ ವಿಂಡೋಸಿಗೆ ದಾರಿ ಬಿಡುತ್ತಿದ್ದದ್ದೂ ಅದೇ. ದಾರಿ ಬಿಡುವುದನ್ನೇ ಕಿತ್ತುಹಾಕಿದ್ದರಿಂದ ಈಗ ಎಲ್ಲಿಗೂ ಹೋಗಲಾರದೆ ನಿಂತಿದೆ. ಚಿತ್ತಾರಗಳು ಒಳಗೆ ಸುರಕ್ಷಿತವಾಗಿ ಇರಬಹುದು.

ಇರಬಹುದು... ಆ ಒಂದು ಪದ ಕೇಳಿ ಅವಳು ಪರದೆಯ ಕಡೆಗೆ ಬಾಗಿದಳು.

ಅವನು ತಂದಿದ್ದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಆಯಿತು. ಡಿ ಡ್ರೈವಿನ ಹೆಸರು ಕಂಡಿತು, ಒತ್ತಿದರೆ ತೆರೆಯಲಿಲ್ಲ. ಮತ್ತೆ ಒತ್ತಿದ. ತೆರೆಯಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು. ಡಿಸ್ಕಿಗೆ ಹೊಸದಾಗಿ ಏನೂ ಬರೆಯುವುದು ಬೇಡ, ಇದ್ದದ್ದನ್ನು ಓದಿದರೆ ಸಾಕು ಎಂದು ತನಗೆ ತಾನೇ ಗೊಣಗುತ್ತಾ ಏನೋ ಸಾಲೊಂದನ್ನು ಟೈಪ್ ಮಾಡಿದ.

ತೆರೆಯಿತು! ಪರದೆಯ ಮೇಲೆ ಅವ್ವನ ಪಲ್ಲಕ್ಕಿ, ಬಾಸಿಂಗ, ಕೈ ಕೈ ಹಿಡಿದ ಮದುಮಕ್ಕಳು ಸಾಲಾಗಿ ಬಂದರು.

ಮೊದಲು ಇವನ್ನು ಬೇರೆ ಕಡೆ ಇಳಿಸಿಕೊಳ್ಳೋಣ ಎಂದು ಅವನು ಬ್ಯಾಗಿನಿಂದ ಇನ್ನೊಂದು ಪುಟ್ಟ ಡಿಸ್ಕ್ ತೆಗೆದು ಸಿಕ್ಕಿಸಿದ. ಕಾಪಿ ಶುರುವಾದದ್ದೇ ತಡ, ಕರೆಂಟು ಹೋಯಿತು.

ಒಳಗೆ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಅದರ ಬ್ಯಾಟರಿ ಮುದಿಯಾದದ್ದು ಇಬ್ಬರಿಗೂ ಗೊತ್ತು. ಪರದೆಯ ಹಸಿರು ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಕೂಗು ಜೋರಾಯಿತು, ಆಮೇಲೆ ಎಡೆಬಿಡದೆ ಒಂದೇ ಸಮನಾಯಿತು.

'ಅವ್ವಾ... ಇದೊಂದು ಸಲ!' ಅವಳು ತನಗರಿವಿಲ್ಲದೆ ಹೊಸ್ತಿಲಾಚೆ ಕೈ ಚಾಚಿ ಅವನ ತೋಳನ್ನು ಹಿಡಿದಿದ್ದಳು.

ಪಟ್ಟಿ ತುಂಬಿತು. ಅವನು ಚಕಚಕನೆ ಡಿಸ್ಕನ್ನು ಬಿಡಿಸಿಕೊಂಡ. ಮರುಕ್ಷಣವೇ ಪರದೆ ಕಪ್ಪಾಯಿತು, ಯುಪಿಎಸ್ ತೆಪ್ಪಗಾಯಿತು.

ಅವನು ಆ ಡಿಸ್ಕನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನಿಮ್ಮ ಅವ್ವ ಇದರಲ್ಲಿದಾರೆ. ಇನ್ನು ಕಂಪ್ಯೂಟರ್ ಏನೇ ಆಗ್ಲಿ, ಇವರು ಹೋಗೋದಿಲ್ಲ."

ನಾಗಶ್ರೀ ಅತ್ತುಬಿಟ್ಟಳು. ಇಷ್ಟು ದಿನದ ಸಿಟ್ಟು, ಹೆದರಿಕೆ ಎಲ್ಲ ಕಣ್ಣಲ್ಲಿ ಇಳಿಯಿತು.

ಆಗಲೇ ಬಸಕ್ಕ ಒಳಗಿನಿಂದ ತಂಬಿಗೆ ನೀರು, ಬೆಲ್ಲ ತಂದಳು. ದಣಿದಿದ್ದರೂ ಅವನು ಕೈ ಮುಗಿದು, ಈಗ ಬೇಡಮ್ಮ ಎಂದ. ಒಳಗಾದರೂ ಬಾ ಎಂದರೆ ಅದಕ್ಕೂ ತಲೆಯಾಡಿಸಿದ. ಬಸಕ್ಕ ಅವನನ್ನೇ ದಿಟ್ಟಿಸಿದಳು. ನಾಗಶ್ರೀಯ ಅವ್ವನ ತವರಾದ ಸೊರಬದ ಕಡೆಯ ರೀತಿ ರಿವಾಜು ಕಂಡಿದ್ದ ಹೆಂಗಸು. ಏನೋ ಹೊಳೆದು ಅವಳ ಮುಖ ಅರಳಿತು.

"ಮನೇಲಿ ದೇವೀನ ಹೂವು ಕೇಳೀರೇನು ತಮ್ಮಾ?"

ಚೌಡೇಶ್ ನೆಲ ನೋಡಿದ.

ಬಸಕ್ಕ ನಾಗಶ್ರೀಯ ಕಡೆ ತಿರುಗಿ ಬಿಡಿಸಿ ಹೇಳಿದಳು. ಅವರ ಕಡೆಯ ಕೆಲವು ಮನೆಗಳಲ್ಲಿ ಹೆಣ್ಣು ಕೇಳುವ ಮೊದಲು ದೇವಿಯನ್ನು ಕೇಳುತ್ತಾರೆ. ಮುಡಿಸಿದ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ. ಬೀಳದಿದ್ದರೆ ಮತ್ತೆ ಕೇಳಬೇಕು. ಅಲ್ಲಿಯವರೆಗೆ ಗಂಡು ಆ ಹೆಣ್ಣಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ನೀರು ಮುಟ್ಟುವಂತಿಲ್ಲ, ಕೇಳಿದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

"ಯಾವ ಹುಡುಗೀಗೆ ಕೇಳೀರಪ್ಪ?"

ಚೌಡೇಶ್ ಮೊದಲ ಸಲ ತಲೆ ಎತ್ತಿದ. ಬಸಕ್ಕನಿಗೇ ಉತ್ತರ ಕೊಟ್ಟರೂ ನೋಡಿದ್ದು ನಾಗಶ್ರೀಯನ್ನು.

"ನಾನು ಬಾಯಿ ಬಿಡೋ ಹಾಗಿಲ್ಲ ಅಮ್ಮಾ. ಯಾರ ಮನೆ ಹೊಸ್ತಿಲು ತುಳೀತಾ ಇಲ್ಲ ಅಂತ ನೀವೇ ನೋಡಿ."

ನಾಗಶ್ರೀಗೆ ಈಗ ಅರ್ಥವಾಯಿತು. ವರದಮ್ಮ ಹೇಳಿದ್ದು ಸುಳ್ಳಲ್ಲ. ಹೆಣ್ಣಿನ ಮಾತು ನಡೆದಿತ್ತು, ದೇವಿಯನ್ನೂ ಕೇಳಿದ್ದರು. ಆ ಹೆಣ್ಣು ತಾನೇ!

'ಕಾಯ್ತಾ ಇದ್ದವರನ್ನ ನಾನು ಅಳಿಸಿಹಾಕಿದೆನೇ...'

ಬಸಕ್ಕ ತಂಬಿಗೆ ಎತ್ತಿಕೊಂಡು, ಒಲೆ ಮೇಲೆ ಹಾಲಿದೆ ಎಂದು ಒಳಗೆ ನಡೆದಳು. ಹಾಲೇನೂ ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಚೌಡೇಶ್ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ವಿಂಡೋಸ್ ಒಂದೇ ಬರೋ ಹಾಗೆ ಮಾಡಬಹುದು, ಬೇಗ ಮುಗೀತದೆ. ಇಲ್ಲಾ ಅಂದ್ರೆ ಅಳಿಸಿದ್ದನ್ನ ಹುಡುಕಿ ತಂದು, ಮೊದಲಿನ ಹಾಗೆ ಎರಡೂ ನಿಲ್ಲಿಸಬೇಕು. ಅದಕ್ಕೆ ತಡ ಆಗ್ತದೆ. ಯಾವುದು ಮಾಡ್ಲಿ?"

ನಾಗಶ್ರೀ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಸ್ತಿಲು ದಾಟಿ, ಜಗಲಿಗೆ ಬಂದು ಅವನ ಪಕ್ಕದಲ್ಲಿ ಕುಳಿತಳು.

"ಎರಡೂ ಇರ್ಲಿ. ಎಷ್ಟು ತಡ ಆದ್ರೂ ಕೂತಿರ್ತೀನಿ."

ಬಿಸಿಲು ಎದುರು ಮನೆಯ ಗೋಡೆಗೆ ಸರಿಯುವವರೆಗೂ ಅವನು ಹುಡುಕಿದ. ಖಾಲಿ ಜಾಗದಲ್ಲಿ ಅಳಿಸಿದ ಪಾಲಿನ ಗುರುತು ಸಿಕ್ಕಿತು. ಅದನ್ನು ಮೊದಲಿದ್ದಲ್ಲೇ ಕೂರಿಸಿ, ಪೆನ್‌ಡ್ರೈವ್ ತೆಗೆದು, ಸ್ವಿಚ್ ಹಾಕು ಎಂದು ಅವಳಿಗೆ ಸನ್ನೆ ಮಾಡಿದ. ಅವಳು ಸ್ವಿಚ್ ಒತ್ತಿದಳು.

ಪರದೆ ಬೆಳಗಿತು. ಯಾವುದು ಬೇಕು ಎಂದು ಹಳೆಯ ಹಾಗೆಯೇ ಕೇಳಿತು.

ಅವಳು ಲಿನಕ್ಸನ್ನು ಒತ್ತಿದಳು. ಅರ್ಧ ಬರೆದ ಚಿತ್ತಾರ ನಿಧಾನವಾಗಿ ತೆರೆದುಕೊಂಡಿತು.

"ಮತ್ತೆ ಅಳಿಸ್ತೀರಾ?" ಅವನು ಮೆಲ್ಲಗೆ ಕೇಳಿದ.

"ನಿಮ್ಮನ್ನ ಅಳಿಸೋಕೆ ಹೋಗಿ, ನಾನೇ ಎಲ್ಲೂ ಇಲ್ಲದ ಹಾಗೆ ಆಗಿದ್ದೆ ಕಣ್ರೀ... ಇಲ್ಲ. ಇನ್ನು ಯಾವತ್ತೂ ಇಲ್ಲ." ಅವನ ಕಡೆ ತಿರುಗಿ ಕೇಳಿದಳು, "ದೇವಿ ಹೂ ಕೊಡದಿದ್ರೆ?"

"ನಮ್ಮವ್ವ ಬಿಡೋದಿಲ್ಲ. ತನಗೆ ಬೇಕಾದ ಸೊಸೆ ಸಿಗೋವರೆಗೂ ಕೇಳ್ತಾನೇ ಇರ್ತಾಳೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ನಾನು ಹೊರಗೇ ಕೂರಬೇಕು."

ನಾಗಶ್ರೀ ಕೀಬೋರ್ಡನ್ನು ಇಬ್ಬರ ನಡುವೆ ಎಳೆದುಕೊಂಡಳು.

"ಕೂತ್ಕೊಳ್ರಿ. ನಾನೂ ಹೊರಗೇ ಇರ್ತೀನಿ."