ಮೈಕಿಲ್ಲದ ಗೋಷ್ಠಿಯ ಮ್ಯಾಂಡೊಲಿನ್

ಮದ್ದೂರಿನಲ್ಲಿ ಏನಾದರೂ ಕಳೆದುಹೋದರೆ ಜನ ಮೊದಲು ಹತ್ತುತ್ತಿದ್ದುದು ತಿರುಮಲಮ್ಮನವರ ಜಗಲಿಯನ್ನು. ಪೊಲೀಸು ಠಾಣೆಯ ಮೆಟ್ಟಿಲು ಆಮೇಲಿನ ಮಾತು. ಹೆಡ್‌ಮಿಸ್ಟ್ರೆಸ್ಸಾಗಿ ನಿವೃತ್ತರಾದ ಆಕೆಯ ಕೈಯಲ್ಲಿ ಊರಿನ ಅರ್ಧ ಜನ ಅಕ್ಷರ ತಿದ್ದಿದ್ದರು. ಯಾರು ಬಳಪ ಕದ್ದಿದ್ದರು, ಸಿಕ್ಕಿಬಿದ್ದಾಗ ಯಾರು ಮೂಗು ತುರಿಸಿಕೊಳ್ಳುತ್ತಿದ್ದರು, ಯಾರು ಅಳುತ್ತಿದ್ದರು ಎಂಬುದೆಲ್ಲ ಆಕೆಗೆ ನೆನಪಿತ್ತು. ಬೆಳೆದ ಮೇಲೆ ಕದಿಯುವ ವಸ್ತು ಬದಲಾದೀತು, ಕದಿಯುವ ರೀತಿ ಬದಲಾಗುವುದಿಲ್ಲ ಎಂದು ಆಕೆ ನಂಬಿದ್ದರು.

೧೯೭೪ರ ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಆ ಜಗಲಿಗೆ ಬಂದದ್ದು ದೂರಲ್ಲ, ಮಾವಿನಕಾಯಿ. ವೈದ್ಯನಾಥಪುರದ ಕಡೆಯ ನೀರುಗಂಟಿ ಕೆಂಪಸಿದ್ದಯ್ಯ, ಎಂದರೆ ನಾಲೆಯ ತೂಬು ಕಾಯ್ದು ಗದ್ದೆಗದ್ದೆಗೂ ಸರದಿಯ ಪ್ರಕಾರ ನೀರು ಹಂಚುವವನು, ದೊಡ್ಡದೊಂದು ಮಂಕರಿಯನ್ನು ತಲೆಯಿಂದಿಳಿಸಿ, ತೊಟ್ಟಿಯ ನೀರನ್ನು ಕಾಲಿಗೆ ಸುರಿದುಕೊಂಡು ಮೇಲೆ ಬಂದ. ಮಂಕರಿಯ ಬಾಯಿಗೆ ಗೋಣಿ ಹೊಲಿದಿತ್ತು. ಸಂದಿಯಲ್ಲಿ ಬತ್ತದ ಹುಲ್ಲು ಇಣುಕುತ್ತಿತ್ತು.

"ಯಾವಾಗಲೂ ಚೀಲದಲ್ಲಿ ತರೋನು, ಈ ಸಲ ಮಂಕರಿ ಯಾಕಯ್ಯ?" ಎಂದರು ತಿರುಮಲಮ್ಮ.

"ಚೀಲದಲ್ಲಿ ಜಜ್ಜೋಯ್ತವೆ ಮೇಡಮ್ಮೋರೆ. ಕತ್ತಲೆ ಕ್ವಾಣೇಲಿ ಮಡಗ್ಸಿ. ನಾಳೆ ನಾನೇ ಬಂದು ಬಿಚ್ಚಿಕೊಡ್ತೀನಿ. ಅಲ್ಲೀಗಂಟ ಯಾರೂ ಮುಟ್ಟಬ್ಯಾಡಿ, ಗಾಳಿ ತಾಕಿದ್ರೆ ಅಣ್ಣಾಗಕಿಲ್ಲ."

ಒಳಗೆ ಸಾಗಿಸುವ ಕೆಲಸ ಶ್ಯಾಮಣ್ಣನ ಪಾಲಿಗೆ ಬಂತು. ತಿರುಮಲಮ್ಮನವರ ತಮ್ಮನ ಮಗನಾದ ಅವನು ತಾಲ್ಲೂಕು ಕಚೇರಿಯ ಗುಮಾಸ್ತ. ಅತ್ತೆಯ ಮನೆಯಲ್ಲೇ ಉಂಡು, ಅತ್ತೆಯ ಪತ್ತೇದಾರಿಕೆಗೆ ಅಲ್ಲಿಂದಿಲ್ಲಿಗೆ ಓಡಾಡುತ್ತ ಇದ್ದವನು. ಕಚ್ಚೆ ಬಿಗಿದು, ಉಸಿರು ಕಟ್ಟಿ ಮಂಕರಿಯನ್ನೆತ್ತಿದ. ಅದು ಎಷ್ಟು ಸಲೀಸಾಗಿ ಮೇಲೆ ಬಂತೆಂದರೆ ಎತ್ತಿದ ರಭಸಕ್ಕೆ ಹಿಂದಕ್ಕೆ ಎರಡು ಹೆಜ್ಜೆ ಹೋಗಿ ಕಂಬಕ್ಕೆ ಬೆನ್ನು ಕೊಟ್ಟ. ದಿನವೂ ಬೆಳಿಗ್ಗೆ ದಂಡ-ಬಸ್ಕಿ ಹೊಡೆಯುತ್ತಿದ್ದುದು ವ್ಯರ್ಥವಾಗಲಿಲ್ಲವೆಂದು ಒಳಗೊಳಗೇ ಹಿಗ್ಗಿದ.

ಹಿಗ್ಗಲು ಬೇರೆ ಕಾರಣವೂ ಇತ್ತು. ವರ್ಷದಿಂದ ಅವನು ಕಾಯುತ್ತಿದ್ದ ಸಂಪತ್ ಕುಮಾರನ ಗೋಷ್ಠಿ ಆ ಸಂಜೆ ಮದ್ದೂರಿನಲ್ಲಿತ್ತು. ಮ್ಯಾಂಡೊಲಿನ್, ಗಿಟಾರು, ಕೊಳಲು, ತಬಲ, ಹಾಡಲು ಸಂಪತ್ ಕುಮಾರನ ತಂಗಿ ಚೂಡಾಮಣಿ. ಇಷ್ಟೇ, ಮೈಕು ಇಲ್ಲ. ಬ್ಲಫ್ಫಿನ ವಿದ್ಯುದಾಗಾರದಲ್ಲಿ ಹುಟ್ಟಿದ ಕರೆಂಟು ಮದ್ದೂರಿಗೆ ಬರುವಷ್ಟರಲ್ಲಿ ಸುಸ್ತಾಗಿ ಮಲಗಿಬಿಡುತ್ತಿದ್ದ ಕಾಲ ಅದು. ಮೈಕು ನಂಬಿದ ಎಷ್ಟೋ ಗೋಷ್ಠಿಗಳು ಅರ್ಧ ಹಾಡಿನಲ್ಲಿ ಮೂಕವಾಗಿದ್ದವು. ಸಂಪತ್ ಕುಮಾರ ಮಾತ್ರ ಗ್ಯಾಸ್‌ಲೈಟು ಹಚ್ಚಿಸಿ, ಜನರನ್ನು ಹತ್ತಿರ ಹತ್ತಿರ ಕೂರಿಸಿ ನುಡಿಸುತ್ತಿದ್ದ. ಹಿಂದಿನ ವರ್ಷ ಕೇಳಿದವರು ಅಭಿಮಾನಿಗಳ ಬಳಗ ಕಟ್ಟಿದರು. ಅದರ ಕಾರ್ಯದರ್ಶಿ ಶ್ಯಾಮಣ್ಣ.

"ಜನ ಏನೇನು ಕೇಳ್ತಾರೆ ಗೊತ್ತಾ ಅತ್ತೆ," ಎಂದ ಹುಲ್ಲು ಕೊಡವಿಕೊಳ್ಳುತ್ತ. ನೀರುಗಂಟಿ ಆಗಲೇ ಹೊರಟುಹೋಗಿದ್ದ. "ಚೀಟಿ ಮಾರುವಾಗ ಒಬ್ಬಳು, ಕಂಕುಳ ಕೂಸಿಗೂ ಚೀಟಿ ಬೇಕಾ ಅಂದಳು. ಇನ್ನೊಬ್ಬ, ನನಗೆ ಎಡಗಿವಿ ಕೇಳಲ್ಲ, ಅರ್ಧ ದುಡ್ಡು ತಗೋ ಅಂದ. ಈ ಕೆಂಪಸಿದ್ದಯ್ಯ ಮುಂದಿನ ಸಾಲಿನ ಚೀಟಿ ತಗೊಂಡು, ಆಟ ನಾಳೆಗೆ ಹೋದರೆ ಇದೇ ಚೀಟಿ ನಡೀತದಾ ಅಂತಾನೆ."

ತಿರುಮಲಮ್ಮ ನಕ್ಕರು. ನಗು ಮುಗಿಯುವ ಮುಂಚೆಯೇ ಬೀದಿಯಲ್ಲಿ ಯಾರೋ ಓಡಿಬಂದ ಸದ್ದಾಯಿತು. ಒದ್ದೆ ತಲೆಯ ಸಂಪತ್ ಕುಮಾರ ಖಾಲಿ ಮ್ಯಾಂಡೊಲಿನ್ ಪೆಟ್ಟಿಗೆಯನ್ನು ಸತ್ತ ಕೂಸಿನ ಹಾಗೆ ತೋಳಿನಲ್ಲಿ ಹಿಡಿದು ನಿಂತಿದ್ದ.

ಮಳವಳ್ಳಿಯಲ್ಲಿ ಕಾರ್ಯಕ್ರಮ ಮುಗಿಸಿ ಬೆಳಗಿನ ಬಸ್ಸಿಗೆ ಬಂದಿದ್ದರು. ಸಾಮಾನನ್ನೆಲ್ಲ ಛತ್ರದ ಕೋಣೆಯಲ್ಲಿಟ್ಟು ಎಲ್ಲರೂ ಶಿಂಷಾ ಹೊಳೆಗೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಇದಾಗಿತ್ತು. "ಇದು ನನ್ನ ಗುರುಗಳು ಕೊಟ್ಟದ್ದು ಅಮ್ಮ. ಬೇರೆ ವಾದ್ಯ ಕೈಗೆ ಬಗ್ಗೋದಿಲ್ಲ. ಸಂಜೆಯೊಳಗೆ ಸಿಗದಿದ್ದರೆ ಇವತ್ತಿನದೂ ಇಲ್ಲ, ನಾಳೆ ಮಂಡ್ಯದ್ದೂ ಇಲ್ಲ. ಸೀದಾ ಮನೆಗೆ ಹೋಗೋದೇ."

ಶ್ಯಾಮಣ್ಣ ಎದುರು ಗೋಡೆಯ ಕಡೆ ನೋಡಿದ. ಊರಿನ ಗೋಡೆಗೋಡೆಯ ಮೇಲೂ ಅಂಟಿದ್ದ ಕರಪತ್ರದ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾದದ್ದು ಅವನದೇ ಹೆಸರು. ಗೋಷ್ಠಿ ನಡೆಯದಿದ್ದರೆ ಜನ ಹುಡುಕಿಕೊಂಡು ಬರುವುದು ಅವನನ್ನೇ.

ತಿರುಮಲಮ್ಮ ಸೆರಗು ಸಿಕ್ಕಿಸಿ ಕೊಡೆ ಹಿಡಿದು ಹೊರಟರು. ಛತ್ರದ ಕೋಣೆಯಲ್ಲಿ ಗಿಟಾರು, ತಬಲ, ಕೊಳಲಿನ ಜೋಳಿಗೆ ಇಟ್ಟಲ್ಲೇ ಇದ್ದವು. ಹಿತ್ತಿಲ ಬಾಗಿಲಿಗೆ ಬರೀ ಸರಪಳಿ ಚಿಲಕ. ಹೊಸಿಲ ಮೇಲೆ ಒಂದು ಬರಿಗಾಲಿನ ಗುರುತು: ಕರಿಮಣ್ಣು, ಇನ್ನೂ ಪೂರಾ ಒಣಗಿರಲಿಲ್ಲ. ಆಕೆ ಚಿಟಿಕೆ ಮಣ್ಣೆತ್ತಿ ಬೆರಳಲ್ಲಿ ಹೊಸಕಿದರು. ಆಮೇಲೆ ಪೆಟ್ಟಿಗೆಯ ಕೊಂಡಿ ತೆಗೆದು ನೋಡಿದರು. ಮಖಮಲ್ಲಿನ ಮೇಲೆ ಒಂದೆಳೆ ಬತ್ತದ ಹುಲ್ಲು.

"ಇದರೊಳಗೆ ಬೇರೇನಾದರೂ ಇತ್ತೇನಪ್ಪ?"

"ಗೀರು ಬೀಳದ ಹಾಗೆ ಸುತ್ತೋಕೆ ಒಂದು ಹಳೇ ರೇಷ್ಮೆ ಶಾಲು ಇಟ್ಟಿದ್ದೆ. ಅದನ್ನೂ ಹೊಡೆದಿದ್ದಾನೆ, ಪಾಪಿ."

"ಪಾಪಿ ಅನ್ನಬೇಡ," ಎಂದರು ತಿರುಮಲಮ್ಮ. ಏಕೆಂದು ಹೇಳಲಿಲ್ಲ.

ಅಷ್ಟರಲ್ಲಿ ದಫೇದಾರ್ ಚಿಕ್ಕಣ್ಣ ಮೈಕ್‌ಸೆಟ್ಟಿನ ನಿಂಗಯ್ಯನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಚಿಕ್ಕಣ್ಣನಿಗೆ ಕೇಸು ಎಂದರೆ ಮೊದಲು ಕೈಗೆ ಸಿಕ್ಕವನು.

"ಇವ್ನೇ ಮೇಡಂ. ಮೈಕಿಲ್ದೆ ಅದೆಂಗೆ ಆಟ ಆಡ್ತಾರೋ ನೋಡ್ತೀನಿ ಅಂತ ಓಟ್ಲಲ್ಲಿ ವಡೆ ತಿನ್ತಾ ಏಳವ್ನೆ. ಬೆಳಿಗ್ಗೆ ಛತ್ರದ ಇತ್ಲಲ್ಲಿ ನೋಡ್ದೋರವ್ರೆ."

"ಇತ್ಲಲ್ಲಿ ಬೇವಿನ ಮರಕ್ಕೆ ನನ್ ಮೈಕಿನ ಆರ್ನು ಕಟ್ಟಿತ್ತು ಕಣ್ಲಾ, ಓದ್ವಾರದ ಮದುವೇದು. ಬಿಚ್ಕಳಕೆ ಓಗಿದ್ದೆ," ಎಂದ ನಿಂಗಯ್ಯ. "ಆಟ ನೋಡ್ತೀನಿ ಅಂದಿದ್ದು ನಿಜ. ಚೀಟಿ ತಗಂಡಿವ್ನಿ, ನೋಡು." ಅಂಗಿಯ ಜೇಬಿನಿಂದ ಚೀಟಿ ತೆಗೆದು ದಫೇದಾರನ ಮೂಗಿಗೆ ಹಿಡಿದ.

"ನಿಂಗಯ್ಯ, ಕಾಲು ಎತ್ತು," ಎಂದರು ತಿರುಮಲಮ್ಮ.

ನಿಂಗಯ್ಯ ಹಳೆಯ ಅಭ್ಯಾಸದಿಂದ ಎರಡೂ ಕೈ ಕಟ್ಟಿ ಒಂಟಿಕಾಲಲ್ಲಿ ನಿಂತ. ರಬ್ಬರ್ ಚಪ್ಪಲಿ, ಅದಕ್ಕೆ ಪೇಟೆ ಬೀದಿಯ ಬಿಳಿ ಧೂಳು.

"ಬಿಡು ಅವನನ್ನ. ಚಿಕ್ಕಣ್ಣ, ನಾಲೆಗೆ ನೀರು ಬಿಟ್ಟದ್ದು ಯಾವಾಗ?"

"ನೆನ್ನೆ, ಮೇಡಂ. ವೈದ್ಯನಾಥಪುರದ ಕಡೆ ಗದ್ದೆಗೆ. ಯಾಕೆ?"

"ಗೊತ್ತಿರಲಿ ಅಂತ. ಊಟ ಮಾಡಿಕೊಂಡು ಎಲ್ಲರೂ ನನ್ನ ಜಗಲಿಗೆ ಬನ್ನಿ. ನೀರುಗಂಟಿ ಕೆಂಪಸಿದ್ದಯ್ಯನಿಗೂ ಹೇಳಿಕಳಿಸು. ಮಾವಿನಕಾಯಿ ವಿಷಯ ಅನ್ನು."

ಮಧ್ಯಾಹ್ನದ ಬಿಸಿಲಿಗೆ ಜಗಲಿ ಕಾದಿತ್ತು. ಸಂಪತ್ ಕುಮಾರ ಮತ್ತು ಚೂಡಾಮಣಿ ಚಾಪೆಯ ಮೇಲೆ ಕೂತರು. ಇಬ್ಬರೂ ಊಟ ಮಾಡಿದ ಹಾಗೆ ಕಾಣಲಿಲ್ಲ. ನಿಂಗಯ್ಯ ದಫೇದಾರನಿಂದ ಮಾರು ದೂರ ಕೂತ. ಕೆಂಪಸಿದ್ದಯ್ಯ ಮೆಟ್ಟಿಲಲ್ಲೇ ನಿಂತ. ಅವನ ಹೆಂಡತಿ ಬೆಟ್ಟಮ್ಮ ಕರೆಯದೆಯೇ ಜೊತೆಯಲ್ಲಿ ಬಂದಿದ್ದಳು.

"ಕಳ್ಳರಲ್ಲಿ ಎರಡು ಜಾತಿ," ಎಂದು ತಿರುಮಲಮ್ಮ ಪಾಠ ಶುರುಮಾಡಿದರು. "ದುಡ್ಡಿಗೆ ಕದಿಯೋನಾದರೆ ಗಿಟಾರನ್ನ ಬಿಡ್ತಿರಲಿಲ್ಲ. ಗೋಷ್ಠಿ ಕೆಡಿಸೋ ಹೊಟ್ಟೆಕಿಚ್ಚಿನವನಾದರೆ ತಂತಿ ಕಿತ್ತು ಅಲ್ಲೇ ಎಸೆದು ಹೋಗ್ತಿದ್ದ. ನಮ್ಮವನು ಎರಡೂ ಮಾಡಲಿಲ್ಲ. ಪೆಟ್ಟಿಗೆ ಹೊತ್ತರೆ ಜನ ಗುರುತು ಹಿಡೀತಾರೆ ಅಂತ ಅದನ್ನ ಬಿಟ್ಟ. ಆದರೆ ಶಾಲು ಮರೀಲಿಲ್ಲ. ಗೀರು ಬೀಳಬಾರದು ಅಂತ ಯೋಚನೆ ಮಾಡೋನು ಎಂಥ ಕಳ್ಳ? ಮ್ಯಾಂಡೊಲಿನ್ ಅಂದರೆ ಪ್ರಾಣ ಬಿಡೋ ಕಳ್ಳ. ಅಭಿಮಾನಿ."

ದಫೇದಾರನ ಕಣ್ಣು ನಿಧಾನವಾಗಿ ಶ್ಯಾಮಣ್ಣನ ಕಡೆ ತಿರುಗಿತು.

"ಅವನಲ್ಲ, ಬಿಡು. ಅವನು ಬಳಪ ಕದ್ದರೂ ಮರುದಿನ ಅದರಲ್ಲೇ ಬರೆದು ನನಗೆ ತೋರಿಸೋಕೆ ಬರ್ತಿದ್ದ. ಈಗ ಮಣ್ಣು ನೋಡಿ. ಹೊಳೆಗೆ ಹೋಗಿಬಂದವರ ಕಾಲಲ್ಲಿ ಮರಳಿರುತ್ತೆ. ಊರಿನೋರ ಕಾಲಲ್ಲಿ ಧೂಳು. ಛತ್ರದ ಹೊಸಿಲ ಮೇಲಿದ್ದದ್ದು ನಾಲೆಯ ಗೋಡುಮಣ್ಣು, ಹಸಿಯಾಗಿತ್ತು. ಬೆಳಿಗ್ಗೆ ಬೆಳಿಗ್ಗೆ ನೀರಲ್ಲಿ ಕಾಲಿಟ್ಟು ನೆಟ್ಟಗೆ ಪೇಟೆಗೆ ಬಂದೋನು. ಅಂಥವನು ನನ್ನ ತೊಟ್ಟಿ ಹತ್ತಿರವೂ ಕಾಲು ತೊಳೆದ, ಕರೀ ನೀರು ಇನ್ನೂ ಅಲ್ಲೇ ನಿಂತಿದೆ. ಪೆಟ್ಟಿಗೆಯೊಳಗೆ ಬತ್ತದ ಹುಲ್ಲು ಯಾಕೆ ಬಂತು? ಕಳ್ಳನ ಕೈಯಲ್ಲಿ ಹುಲ್ಲು ತುಂಬಿದ್ದೇನೋ ಇತ್ತು. ಶ್ಯಾಮ, ಬೆಳಿಗ್ಗೆ ಎತ್ತಿದೆಯಲ್ಲ, ಮಾವಿನಕಾಯಿ ಮಂಕರಿ ಎಷ್ಟು ಭಾರ ಇತ್ತು?"

ಶ್ಯಾಮಣ್ಣ ಬಾಯಿ ತೆರೆದ. ಕಂಬಕ್ಕೆ ತಗುಲಿದ್ದ ಬೆನ್ನು ಈಗ ನೋಯತೊಡಗಿತು. "ಹಗುರವಾಗಿತ್ತು ಅತ್ತೆ," ಎಂದ ಸಣ್ಣ ದನಿಯಲ್ಲಿ. ದಂಡ-ಬಸ್ಕಿಯ ಮೇಲಿದ್ದ ನಂಬಿಕೆ ಅಲ್ಲಿಗೆ ಹೋಯಿತು.

"ಹೋಗಿ ತಗೊಂಡು ಬಾ."

ಗೋಣಿಯ ಹೊಲಿಗೆ ಬಿಚ್ಚಿದರು. ಮೇಲೆ ಆರೆಂಟು ಕಾಯಿ, ಕೆಳಗೆ ಹುಲ್ಲು, ಹುಲ್ಲಿನ ನಡುವೆ ರೇಷ್ಮೆ ಶಾಲು ಹೊದ್ದು ಮಲಗಿದ್ದ ಮ್ಯಾಂಡೊಲಿನ್. ಸಂಪತ್ ಕುಮಾರ ಅದನ್ನೆತ್ತಿ ತಂತಿಯ ಮೇಲೆ ಬೆರಳಾಡಿಸಿದ. ಶ್ರುತಿ ಸ್ವಲ್ಪ ಇಳಿದಿತ್ತು, ಅಷ್ಟೇ. ಚೂಡಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟು ಮನೆ ಬಿಟ್ಟು ನಮ್ಮನೇಲೇ ಯಾಕೆ ಇಟ್ಟೆ ಕೆಂಪಸಿದ್ದಯ್ಯ?"

ಕೆಂಪಸಿದ್ದಯ್ಯ ಮೂಗು ತುರಿಸಿಕೊಂಡ. "ನಿಮ್ಮನೇಗೆ ಕಳ್ರು ಬರಕಿಲ್ಲ ಅಂತ, ಮೇಡಮ್ಮೋರೆ."

ನಿಂಗಯ್ಯ ಕಿಸಕ್ಕನೆ ನಕ್ಕು ದಫೇದಾರನನ್ನು ನೋಡಿ ಸುಮ್ಮನಾದ.

"ನಾಳೆವರೆಗೂ ಬಿಚ್ಚಬೇಡಿ ಅಂದೋನು ನೀನು. ಆಟ ನಾಳೆಗೆ ಹೋದರೆ ಚೀಟಿ ನಡೀತದಾ ಅಂತ ಕೇಳಿದೋನೂ ನೀನು. ನಿನಗೆ ಬೇಕಾಗಿದ್ದು ಮ್ಯಾಂಡೊಲಿನ್ ಅಲ್ಲ, ಒಂದು ದಿನ. ಯಾಕೆ ಅಂತ ನೀನೇ ಹೇಳು."

ಕೆಂಪಸಿದ್ದಯ್ಯ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ. "ಇವತ್ತು ರಾತ್ರಿ ನೀರಿನ ಸರದಿ ಕೆಳಗ್ಲ ಗದ್ದೆಯೋರ್ದು. ನಾನು ತೂಬಿನ ತಾವಿಂದ ಎದ್ರೆ ಸಾಕು, ಮ್ಯಾಲಿನ ಗದ್ದೆ ಹೊನ್ನಯ್ಯೋರು ಮಡೆ ತಿರುಗಿಸಿ ನೀರ್ನ ತಮ್ ಗದ್ದೆಗೆ ಎಳ್ಕತಾರೆ. ಓದ್ವರ್ಸವೂ ಇಂಗೇ ಆಯ್ತು. ನಾನು ತೂಬಲ್ಲಿ, ಇವ್ಳು ಗೋಷ್ಠೀಲಿ. ಬೇರೆ ಗೋಷ್ಠಿಯೋರಾದ್ರೆ ಮೈಕಿರ್ತದೆ, ತೂಬಲ್ಲಿ ಕುಂತ್ರೂ ಕೆಮ್ಮಿದ್ದು ಸೈತ ಕೇಳ್ತದೆ. ಇವ್ರುದ್ದು ಒಂದು ದನಿ ಬರ್ಲಿಲ್ಲ ಮೇಡಮ್ಮೋರೆ, ಬರೀ ಕಪ್ಪೆ. ಎಂಗಿತ್ತಮ್ಮಿ ಅಂತ ಇವಳ್ನ ಕೇಳುದ್ರೆ, ನಿಂಗೇಳಿದ್ರೆ ಗೊತ್ತಾಗಕಿಲ್ಲ ಬುಡು ಅಂತಾಳೆ. ವರ್ಸ ಪೂರಾ ಅದೇ ಮಾತು. ಮುದ್ದೆ ಇಕ್ವಾಗ್ಲೂ ಅದೇ."

"ಅಂದಿದ್ದೇನೋ ನಿಜವೇಯ," ಎಂದಳು ಬೆಟ್ಟಮ್ಮ. "ಅದುನ್ನ ಬಾಯಲ್ಲಿ ಏಳಕಾಯ್ತದಾ?"

"ಅದ್ಕೆ ಇವತ್ತಿನ ಆಟ ನಾಳೆಗೋಗ್ಲಿ ಅಂತ ಮಾಡ್ದೆ. ನಮ್ಮೂರ ನಾಟಕ ಅಂಗೇ ಅಲ್ವಾ? ಭೀಮನ ಪಾತ್ರದೋನ್ಗೆ ಹೊಟ್ಟೆ ನೋವು ಬಂದ್ರೆ ನಾಳೆಗಾಕ್ತಾರೆ. ಇವ್ರು ಮಂಡ್ಯಕ್ಕೋಯ್ತಾರೆ ಅಂತ ನಂಗೇನು ಗೊತ್ತು?" ಸಂಪತ್ ಕುಮಾರನ ಕಡೆ ತಿರುಗಿ ಕೈ ಮುಗಿದ. "ತಪ್ಪಾಯ್ತು ಬುದ್ಧಿ. ನಾನು ಇವತ್ತು ತೂಬಿಗೋಯ್ತೀನಿ. ನೀವು ನುಡಿಸಿ."

ಚಿಕ್ಕಣ್ಣ ಪೆನ್ಸಿಲು ನಾಲಗೆಗೆ ಒತ್ತಿ, "ಕೇಸು ಬರೀಲಾ ಮೇಡಂ?" ಎಂದ.

"ಬರಿ. ಕದ್ದ ಮಾಲು ಸಿಕ್ಕಿದ್ದು ಯಾರ ಮನೆಯಲ್ಲಿ? ನನ್ನ ಮನೆಯಲ್ಲಿ. ಒಳಗೆ ಹೊತ್ತಿಟ್ಟದ್ದು ಯಾರು? ಶ್ಯಾಮ. ಮೊದಲು ನನ್ನ ಹೆಸರು ಬರಿ, ಆಮೇಲೆ ಅವನದು. ಒತ್ತಕ್ಷರ ತಪ್ಪಬೇಡ."

ಚಿಕ್ಕಣ್ಣ ಪೆನ್ಸಿಲನ್ನು ಜೇಬಿಗೆ ಸೇರಿಸಿದ.

"ಕೇಸು ಬೇಡ," ಎಂದ ಸಂಪತ್ ಕುಮಾರ. "ನನ್ನ ವಾದ್ಯವನ್ನ ಇಷ್ಟು ಜೋಪಾನವಾಗಿ ಯಾರೂ ಕದ್ದಿಲ್ಲ. ಆದರೆ ಇವರು ಬರದಿದ್ದರೆ ನುಡಿಸೋಕೆ ನನಗೆ ಮನಸ್ಸು ಬರೋದಿಲ್ಲ ಅಮ್ಮ."

"ಅದನ್ನೇ ಯೋಚನೆ ಮಾಡ್ತಿದ್ದೀನಿ." ತಿರುಮಲಮ್ಮ ಕೊಡೆಯ ತುದಿಯಿಂದ ನೆಲ ಕುಟ್ಟಿದರು. "ಕೆಂಪಸಿದ್ದಯ್ಯ, ಮಡೆ ತಿರುಗಿಸೋರು ಆ ಹೊನ್ನಯ್ಯ ಒಬ್ಬನೇ ತಾನೆ?"

"ಅವ್ರೊಬ್ರೇ. ಉಳಿದೋರ್ಗೆ ಅಷ್ಟು ಧೈರ್ಯ ಇಲ್ಲ."

"ಹಾಗಾದರೆ ಕಾಯಬೇಕಾದ್ದು ತೂಬನ್ನಲ್ಲ, ಹೊನ್ನಯ್ಯನನ್ನ. ಶ್ಯಾಮ, ನಿಮ್ಮ ಸಭೆಗೆ ಅಧ್ಯಕ್ಷರು ಯಾರು?"

"ಯಾರೂ ಇಲ್ಲ ಅತ್ತೆ. ಸಂಗೀತಕ್ಕೆ ಅಧ್ಯಕ್ಷರು ಯಾಕೆ ಅಂತ..."

"ಇವತ್ತು ಬೇಕು. ಚಿಕ್ಕಣ್ಣ, ಸೈಕಲ್ ಹತ್ತು. ಹೊನ್ನಯ್ಯನವರಿಗೆ, ತಾವೇ ಅಧ್ಯಕ್ಷತೆ ವಹಿಸಬೇಕು ಅಂತ ಊರಿನವರೆಲ್ಲ ಹಟ ಹಿಡಿದಿದ್ದಾರೆ ಅಂತ ಹೇಳು. ಮೈಸೂರು ಪೇಟ ತೊಡಿಸ್ತೀವಿ ಅನ್ನೋದನ್ನ ಮರೀಬೇಡ."

ಸಂಜೆ ಅಕ್ಕಿ ಗಿರಣಿಯ ಅಂಗಳದಲ್ಲಿ ಗ್ಯಾಸ್‌ಲೈಟು ಹತ್ತಿದವು. ವೇದಿಕೆಯ ಒಂದು ಪಕ್ಕದಲ್ಲಿ, ಗಿರಣಿ ಮಾಲೀಕರ ಒರಗು ಕುರ್ಚಿಯಲ್ಲಿ, ಸೇವಂತಿಗೆ ಹಾರ ಕತ್ತಿನಿಂದ ಕಿವಿಯವರೆಗೆ ಬಂದು, ಪೇಟ ಹುಬ್ಬಿನವರೆಗೆ ಇಳಿದು, ಹೊನ್ನಯ್ಯ ಕೂತಿದ್ದ. ಮೊದಮೊದಲು ಬೀಗಿದ. ಹೊತ್ತು ಮುಳುಗಿದ ಮೇಲೆ ನಾಲೆಯ ದಿಕ್ಕಿಗೆ ಕತ್ತು ತಿರುಗಿಸತೊಡಗಿದ. ಒಮ್ಮೆ ಅರ್ಧ ಎದ್ದ. ಕೂಡಲೇ ಶ್ಯಾಮಣ್ಣ ಓಡಿಹೋಗಿ, "ಅಧ್ಯಕ್ಷರಿಗೆ ಏನಾದರೂ ಬೇಕಾ?" ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದ. ಅಧ್ಯಕ್ಷರು ಪೇಟ ಸರಿಮಾಡಿಕೊಂಡು ಕೂತರು.

ಮುಂದಿನ ಸಾಲಿನಲ್ಲಿ ಕೆಂಪಸಿದ್ದಯ್ಯ ಮೊದಲೆರಡು ಹಾಡಿನವರೆಗೆ ಒಂದು ಕಣ್ಣನ್ನು ಹೊನ್ನಯ್ಯನ ಮೇಲೇ ಇಟ್ಟಿದ್ದ. ಮೂರನೆಯದಕ್ಕೆ ಚೂಡಾಮಣಿ ಹಾಡಲಿಲ್ಲ, ತಬಲವೂ ನಿಂತಿತು. ಮ್ಯಾಂಡೊಲಿನ್ ಒಂದೇ ಮೆಲ್ಲಗೆ ನುಡಿಯಿತು. ಅಷ್ಟು ಮೆಲ್ಲಗೆಂದರೆ ಹಿಂದಿನ ಸಾಲಿನವರು ಮಕ್ಕಳ ಬಾಯಿಗೆ ಕೈ ಇಟ್ಟರು. ನಿಂಗಯ್ಯ ಬೀಡಿ ಹಚ್ಚುವುದನ್ನು ಮರೆತು ಕಡ್ಡಿಯಿಂದ ಬೆರಳು ಸುಟ್ಟುಕೊಂಡ. ಕೆಂಪಸಿದ್ದಯ್ಯನಿಗೆ ಆಮೇಲೆ ಹೊನ್ನಯ್ಯನ ನೆನಪು ಬಂದ ಹಾಗೆ ಶ್ಯಾಮಣ್ಣನಿಗೆ ಕಾಣಲಿಲ್ಲ.

ಎಲ್ಲ ಮುಗಿದು ಜನ ಚದುರುವಾಗ ಗಂಡಹೆಂಡಿರಿಬ್ಬರೂ ಶ್ಯಾಮಣ್ಣನ ಮುಂದೆಯೇ ಹೊರಟರು. ಗೇಟು ದಾಟಿದ ಮೇಲೆ ಬೆಟ್ಟಮ್ಮ ಕೇಳಿದಳು.

"ಎಂಗಿತ್ತು?"

ಕೆಂಪಸಿದ್ದಯ್ಯ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಿಂಗೇಳಿದ್ರೆ ಗೊತ್ತಾಗಕಿಲ್ಲ ಬುಡಮ್ಮಿ," ಎಂದ.