ಅಗೆ ಅಂತ ಬರೆದ ಕಡ್ಡಿ

ಅತ್ತೆಯ ಮನೆ ಹಿತ್ತಲ ನಲ್ಲಿ ತಿರುಗಿಸಿದರೆ ಮೊದಲು ಸಣ್ಣಗೆ ಸಿಳ್ಳೆ ಹಾಕುತ್ತದೆ, ಆಮೇಲೆ ನೀರು ಬಿಡುತ್ತದೆ. ಮೂರು ವರ್ಷದಿಂದ ಆ ಸಿಳ್ಳೆ ಕೇಳಿದಾಗಲೆಲ್ಲ ಅವಳು ತಿರುಗಿ ನೋಡುತ್ತಾಳೆ. ಅವಳ ಗಂಡ ಸಿಳ್ಳೆ ಹಾಕುತ್ತಿದ್ದದ್ದು ಹೀಗೇ. ನಲ್ಲಿಯೇ ಅಂತ ಗೊತ್ತು, ಆದರೂ ಕತ್ತು ತಿರುಗುತ್ತದೆ. ಕತ್ತಿಗೆ ಬುದ್ಧಿ ಹೇಳುವವರು ಯಾರು?

ಇವತ್ತೂ ತಿರುಗಿದಳು. ಇವತ್ತು ಅಲ್ಲಿ ಗಂಡಸೊಬ್ಬ ನಿಂತಿದ್ದ. ಗಂಡನ ಹುಲ್ಲಿನ ಟೋಪಿ ಹಾಕಿಕೊಂಡು, ಗುದ್ದಲಿ ಹಿಡಿದುಕೊಂಡು.

ಅವಳು ಗಕ್ಕನೆ ಹಿಂದೆ ಸರಿದಳು.

"ನಾನೇ, ಕನ್ನಡಕದವರೇ," ಅಂತ ಅವನು ಗಾಬರಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಟೋಪಿ ಅಲ್ಲೇ ಉಳಿಯಿತು, ಗೋಡೆಯ ಮೊಳೆಯ ಮೇಲೆ. "ಹೆದರಿಸಿಬಿಟ್ಟೆನಾ?"

"ಹೆದರೋಕೆ ನೀವೇನು ದೆವ್ವಾನಾ?" ಅಂದಳು. ಬಕೆಟ್ಟನ್ನು ನಲ್ಲಿಯ ಕೆಳಗೆ ತಳ್ಳಿದಳು.

ಅವನು ಲಿಫ್ಟ್ ರಿಪೇರಿಯವನು. ಎರಡು ಬಾಗಿಲಾಚೆ ಮನೆ, ಅವಳ ಗಂಡನ ಗೆಳೆಯ. ಅತ್ತೆ ಅವನನ್ನು ಕರೆಯುವುದೇ 'ಲಿಫ್ಟು' ಅಂತ. ಕನ್ನಡಕದ ಅಂಗಡಿ ನಡೆಸುವ ಅವಳು ಅವನ ಬಾಯಲ್ಲಿ 'ಕನ್ನಡಕದವರು'. ಪ್ರತಿ ತಿಂಗಳ ಮೊದಲ ಭಾನುವಾರ ಅವಳು ಒಂದೂವರೆ ಗಂಟೆ ಬಸ್ಸಲ್ಲಿ ಕೂತು ಬಂದು, ಅತ್ತೆಯ ಕೈತೋಟದಲ್ಲಿ ಸಂಜೆವರೆಗೆ ದುಡಿದು ಹೋಗುತ್ತಾಳೆ. ಭಾರದ ಕೆಲಸಕ್ಕೆ ಅವನು ಬರುತ್ತಾನೆ. ಗಂಡ ಹೋದ ಮೇಲೂ ಅತ್ತೆ ಅತ್ತೆಯೇ ತಾನೆ?

ಆದರೆ ಹೋದ ತಿಂಗಳು ಅವಳನ್ನು ಬಸ್ ಸ್ಟಾಪಿಗೆ ಬಿಡಲು ಬಂದವನು, ಶರ್ಟಿನ ತೋಳಿನ ಗುಂಡಿ ಹಾಕುತ್ತ ಬಿಚ್ಚುತ್ತ, "ನಿಮ್ಮ ಜೊತೆ ಬಾಳಬೇಕು ಅಂತ ಆಸೆ. ಇಷ್ಟು ಹೇಳೋಕೆ ಒಂದು ವರ್ಷ ಹಿಡೀತು," ಅಂದುಬಿಟ್ಟಿದ್ದ. ಅವಳಿಗೂ ಆಸೆಯಿತ್ತು. ಅದಕ್ಕೇ ಭಯವಾಯಿತು. ಬಾಯಿಗೆ ಬಂದದ್ದು ಅಂದಳು, "ಆ ಅಗೆ ಮೇಲೆ ಬರಲಿ. ಆಮೇಲೆ ಹೇಳ್ತೀನಿ."

ಅವನ ಮುಖ ಬಿಳುಚಿಕೊಂಡಿತ್ತು. ಬಸ್ಸು ಬಂತು, ಅವಳು ಹತ್ತಿದಳು.

ಆ ಮನೆಯಲ್ಲಿ ಅಗೆ ಅಂದರೆ ಬೀಜ ಹಾಕಿ ಎಬ್ಬಿಸಿದ ಎಳೆ ಸಸಿ. ತೋಟದ ತುಂಬ ಕಡ್ಡಿಗಳು, ಕಡ್ಡಿಯ ಮೇಲೆ ಗಂಡನ ಅಕ್ಷರ: ಬದನೆ, ಮೆಣಸು, ಮೂಲಂಗಿ. ಬೇಲಿ ಪಕ್ಕದ ಖಾಲಿ ಚೌಕದಲ್ಲಿ ಒಂದೇ ಕಡ್ಡಿ: ಅಗೆ. ಗಂಡ ಒಬ್ಬನೇ ಮುಂಚಿತವಾಗಿ ಬಂದಿದ್ದ ಶನಿವಾರ ನೆಟ್ಟದ್ದು. ಆ ರಾತ್ರಿ ಮಲಗಿದವನು ಏಳಲಿಲ್ಲ. ಭಾನುವಾರ ಬಸ್ಸಿಳಿದು ಬಂದ ಅವಳಿಗೆ ಸಿಕ್ಕಿದ್ದು ಆ ಕಡ್ಡಿ, ಆ ಟೋಪಿ. ಯಾವ ಬೀಜವೋ, ಕೇಳುವುದು ಯಾರನ್ನು? ಅಂದಿನಿಂದ ಆ ಖಾಲಿ ಮಣ್ಣಿಗೆ ನೀರು ಹಾಕುತ್ತಿದ್ದಾಳೆ. ಹಾಕುತ್ತ ಮೆಲ್ಲಗೆ ಕೇಳುತ್ತಾಳೆ, "ಏನು, ಇವತ್ತೂ ಇಲ್ವಾ?"

"ಸಾಕು ನಿನ್ನ ಜಲಸೇವೆ," ಅಂತ ಪ್ಲಾಸ್ಟಿಕ್ ಕುರ್ಚಿಯಿಂದ ಅತ್ತೆ ಗದರಿದರು. ಮಂಡಿ ಕೈಕೊಟ್ಟ ಮೇಲೆ ಅವರ ತೋಟಗಾರಿಕೆಯೆಲ್ಲ ಬಾಯಲ್ಲೇ. ಮಡಿಲಲ್ಲಿ ಹಿಡಿ ಮುರಿದ ಟೀ ಕಪ್ಪು, ಕಪ್ಪಿನಲ್ಲಿ ನಾಲ್ಕೆಲೆಯ ಸೋರೆ ಸಸಿ. ಕಪ್ಪು ಮಗನದ್ದು. "ಇದಕ್ಕೆ ಬಿಸಿಲು ಬೇಕು. ಬಿಸಿಲಿರೋದು ಆ ಚೌಕದಲ್ಲೇ. ಲಿಫ್ಟು, ಅಗಿಯೋ."

ಅವಳು ಬಕೆಟ್ ಬಿಟ್ಟು ಹೋಗಿ ಚೌಕದ ಮುಂದೆ ನಿಂತಳು.

"ಬೇಡ ಅತ್ತೆ."

"ಮೂರು ವರ್ಷ ಆಯ್ತಮ್ಮ. ಯಾವ ಬೀಜ ಇಷ್ಟು ದಿನ ನಿದ್ದೆ ಮಾಡುತ್ತೆ?"

"ಮಾಡಲಿ! ನಿಮಗೇನು ತೊಂದರೆ?" ಅವಳ ದನಿ ಏರಿತು. "ಅವರು ಕೊನೆಗೆ ಬಿಟ್ಟು ಹೋಗಿದ್ದು ಇದೊಂದೇ. ನೀವಾದ್ರೂ ಹೇಳಿ," ಅಂತ ಅವನ ಕಡೆ ತಿರುಗಿದಳು. "ಅಗೀಬೇಡಿ."

ಅವನು ಅವಳನ್ನೇ ನೋಡಿದ. ಸಾಮಾನ್ಯವಾಗಿ ಅವನ ನೋಟ ಅವಳ ಕೆನ್ನೆಯ ಮಣ್ಣಿನ ಮೇಲೋ, ಜಾರಿದ ಕನ್ನಡಕದ ಮೇಲೋ ಒಂದು ಗಳಿಗೆ ಕೂತು, ಸಿಕ್ಕಿಬಿದ್ದು, ನಾಚಿಕೊಂಡು ಎದ್ದು ಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

"ಕನ್ನಡಕದವರೇ, ಅದರಲ್ಲಿ ಬೀಜ ಇಲ್ಲ."

"ಏನಂದ್ರಿ?"

"ಅದು ಸಸಿ ಹೆಸರಲ್ಲ. ನನಗೆ ಬರೆದಿದ್ದು. ಅಗೆ ಅಂದ್ರೆ... ಅಗಿ ಅಂತ. ಇಲ್ಲಿ ಗುಂಡಿ ತೋಡು ಅಂತ."

ನಲ್ಲಿ ಇನ್ನೂ ಸುರಿಯುತ್ತಿತ್ತು. ಯಾರಿಗೂ ನಿಲ್ಲಿಸುವ ನೆನಪಿರಲಿಲ್ಲ.

ಗಂಡ ಬರವಣಿಗೆಯಲ್ಲಿ ಮಹಾ ಜಿಪುಣ. ಫ್ರಿಜ್ಜಿನ ಮೇಲೆ 'ಹಾಲು' ಅಂತ ಚೀಟಿ ಅಂಟಿಸಿ ಹೋಗುತ್ತಿದ್ದ. ಹಾಲು ತರಬೇಕೋ, ಒಡೆದಿದೆಯೋ, ಇವಳೇ ತಲೆ ಕೆಡಿಸಿಕೊಳ್ಳಬೇಕು. ಎಷ್ಟು ಸಲ ಜಗಳವಾಡಿದ್ದಳು!

"ಮೂರು ವರ್ಷ," ಅಂದಳು ಅವಳು. ಸಿಟ್ಟಿನಲ್ಲಿ ಅವನ ಕಡೆ ಒಂದು ಹೆಜ್ಜೆ ಇಟ್ಟಳು. "ಮೂರು ವರ್ಷ ನಾನು ಹುಚ್ಚಿ ಥರ ನೀರು ಹಾಕೋದನ್ನ ನೋಡ್ಕೊಂಡು ಸುಮ್ಮನೆ ಇದ್ರಾ?"

"ಹೇಳಿದ್ರೆ, ಯಾಕೆ ಅಗೀಲಿಲ್ಲ ಅಂತ ಕೇಳ್ತೀರಿ." ಅವನು ಗುದ್ದಲಿ ಕೆಳಗಿಟ್ಟ. "ಅವನಿಗೆ ಭಾರದ ಕೆಲಸ ಮಾಡಬಾರದು ಅಂತ ಡಾಕ್ಟರ್ ಹೇಳಿದ್ರಲ್ಲ. ಶನಿವಾರ ನಾನು ಬಂದು ಅಗೀತೀನಿ ಅಂತ ಮಾತು ಕೊಟ್ಟಿದ್ದೆ. ಜಾಗ ಗೊತ್ತಾಗ್ಲಿ ಅಂತ ಕಡ್ಡಿ ನೆಟ್ಟಿದ್ದ. ಅವತ್ತು ಎಲ್ಲೋ ಲಿಫ್ಟ್ ಕೆಟ್ಟು ಜನ ಸಿಕ್ಕಿಹಾಕ್ಕೊಂಡ್ರು, ನಾನು ಬರಲಿಲ್ಲ. ಬೆಳಗ್ಗೆ ನೋಡಿದ್ರೆ ಅವನೇ ಇಲ್ಲ. ಕಾದು ಕಾದು ತಾನೇ ಗುದ್ದಲಿ ಹಿಡಿದನೋ ಏನೋ... ನನ್ನಿಂದಲೇ ಹೋದನೋ ಏನೋ... ಈ ಚೌಕದ ಕಡೆ ನೋಡೋಕೇ ಆಗಲ್ಲ ನನಗೆ. ನೀವು ನೀರು ಹಾಕ್ತಾ ಮಾತಾಡಿಸ್ತೀರಲ್ಲ, ಅವನು ನನ್ನ ಹೆಸರು ಹೇಳಿಬಿಡ್ತಾನೇನೋ ಅನ್ಸುತ್ತೆ."

ಅವಳನ್ನು ಕಾಡಿದವನೇ ಎರಡು ಬಾಗಿಲಾಚೆ ಇವನನ್ನೂ ಕಾಡಿದ್ದಾನೆ. ಒಂದೇ ಕಡ್ಡಿ ಹಿಡಿದು ಇಬ್ಬರನ್ನೂ.

"ಅವತ್ತು ಮಧ್ಯಾಹ್ನ ನಾನು ಮಲಗಿಬಿಟ್ಟಿದ್ದೆ," ಅಂದರು ಅತ್ತೆ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ. "ಅವನು ಏನು ಮಾಡಿದ ಅಂತ ನನಗೂ ಗೊತ್ತಿಲ್ಲ ಕಣೋ."

ಅವಳು ಬಗ್ಗಿ ಕಡ್ಡಿ ಕಿತ್ತಳು. ಅತ್ತೆಯ ಮಡಿಲಲ್ಲಿಟ್ಟಳು. ಗುದ್ದಲಿ ಎತ್ತಿಕೊಂಡಳು.

"ಮಣ್ಣನ್ನೇ ಕೇಳೋಣ," ಅಂದಳು.

ಮೇಲಿನ ಮಣ್ಣು ಮೆತ್ತಗಿತ್ತು, ಮೂರು ವರ್ಷದ ನೀರು ಕುಡಿದದ್ದು. ಒಂದು ಗೇಣು ಇಳಿಯುತ್ತಲೇ ಗುದ್ದಲಿ ಠಣ್ ಅಂತು. ಅವಳು ಮಂಡಿಯೂರಿ ಕೈಯಲ್ಲಿ ಮಣ್ಣು ಬಾಚಿದಳು. ಮನೆ ಕಟ್ಟಿದ ಕಾಲದಲ್ಲಿ ಹಾಸಿದ ಇಟ್ಟಿಗೆ ಚೂರಿನ ಪದರ, ಒಂದಕ್ಕೊಂದು ಕಚ್ಚಿಕೊಂಡು ಹಾಗೇ ಕೂತಿತ್ತು. ಚೌಕದ ಈ ತುದಿ ಕೆದಕಿದಳು, ಆ ತುದಿ ಕೆದಕಿದಳು. ಎಲ್ಲೂ ಒಂದು ಚೂರು ಅಲುಗಿರಲಿಲ್ಲ.

"ಇಲ್ಲಿ ನೋಡಿ. ಅವರು ಅಗೆದಿಲ್ಲ," ಅಂದಳು. "ನಿಮಗೆ ಕಾಯ್ತಿದ್ರು, ಅಷ್ಟೇ."

ಅವನು ಬಂದು ನೋಡಿದ. ಕೂತ. ಇಟ್ಟಿಗೆ ಚೂರುಗಳ ಮೇಲೆ ಅಂಗೈ ಇಟ್ಟು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳ ಸಿಟ್ಟು ಎಲ್ಲಿ ಹೋಯಿತೋ. ಅವಳೂ ಅತ್ತಳು. ಸತ್ತವನಿಗಾಗಿ ಇಬ್ಬರೂ ಜೊತೆಯಲ್ಲಿ ಅತ್ತದ್ದು ಅದೇ ಮೊದಲು.

ಸುಮಾರು ಹೊತ್ತಾದ ಮೇಲೆ ಅವಳು ಸೆರಗಿನಲ್ಲಿ ಕನ್ನಡಕ ಒರೆಸುತ್ತ ಕೇಳಿದಳು, "ಗುಂಡಿ ಯಾಕಂತೆ?"

"ಚಪ್ಪರದ ಕಂಬಕ್ಕೆ. 'ಬಿಸಿಲಲ್ಲಿ ನಿಂತು ಅವಳಿಗೆ ತಲೆನೋವು ಬರುತ್ತೆ. ಬಳ್ಳಿ ಹಬ್ಬಿಸಿದ್ರೆ ನೆರಳಾಗುತ್ತೆ' ಅಂದಿದ್ದ."

ಅವಳು ಮೊಳೆಯ ಮೇಲಿನ ಟೋಪಿಯನ್ನು ನೋಡಿದಳು. ಅಷ್ಟನ್ನು ಒಂದು ಚೀಟಿಯಲ್ಲಿ ಬರೆದಿದ್ದರೆ ಗಂಟೇನು ಹೋಗುತ್ತಿತ್ತು ಇವರದ್ದು!

"ಊರವರಿಗೆಲ್ಲ ಅಕ್ಷರ ಓದಿಸಿ ಕನ್ನಡಕ ಹಾಕೋಳು," ಅಂದರು ಅತ್ತೆ ಕಣ್ಣೊರೆಸಿಕೊಂಡು, "ಗಂಡ ಬರೆದ ಎರಡಕ್ಷರ ಓದೋಕೆ ಮೂರು ವರ್ಷ ತಗೊಂಡಳು. ಸರಿ, ಏಳ್ರಿ, ಆ ನಲ್ಲಿ ನಿಲ್ಲಿಸಿ. ನನ್ನ ಸೋರೆ ಬಾಡ್ತಿದೆ."

ಮಧ್ಯಾಹ್ನವೆಲ್ಲ ಅವನು ಇಟ್ಟಿಗೆ ಚೂರು ಒಡೆದು ತೆಗೆದ, ಕೊಟ್ಟ ಮಾತಿನಷ್ಟೂ ಆಳಕ್ಕೆ. ಹಿತ್ತಲ ಮೂಲೆಯಲ್ಲಿದ್ದ ಕಂಬ ಅಲ್ಲಿ ನಿಂತಿತು. ಕಂಬದ ಬುಡಕ್ಕೆ ಅವಳು ಕಪ್ಪನ್ನು ಬೋರಲು ಹಾಕಿ, ಬೇರಿಗೆ ನೋವಾಗದಂತೆ ಸಸಿಯನ್ನು ಇಳಿಸಿದಳು. ಮಣ್ಣು ಒತ್ತುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವನು ಎಳೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ.

"ಅತ್ತೆ, ಕಡ್ಡಿ ಕೊಡಿ."

ಅತ್ತೆ ಇಬ್ಬರ ಕೈಯನ್ನೂ ನೋಡಿದರು, ಮುಖವನ್ನೂ ನೋಡಿದರು. ಮಗನ ಅಕ್ಷರದ ಮೇಲೆ ಒಮ್ಮೆ ಹೆಬ್ಬೆರಳು ಸವರಿ, ಕಡ್ಡಿ ಕೊಟ್ಟರು. "ಆಳವಾಗಿ ನೆಡು, ಅಲ್ಲಾಡಬಾರದು," ಅಂದರು.

ಅವಳು ಅದನ್ನು ಸಸಿಯ ಪಕ್ಕ ನೆಟ್ಟಳು. ಅವೇ ಎರಡಕ್ಷರ. ಈಗ ಸುಳ್ಳಿರಲಿಲ್ಲ.

"ಹೋದ ತಿಂಗಳು ಬಸ್ ಸ್ಟಾಪಲ್ಲಿ ನಾನೊಂದು ಮಾತು ಹೇಳಿದ್ದೆ," ಅಂದಳು ಮಣ್ಣು ನೋಡುತ್ತ.

"ಹೂಂ. ಅಗೆ ಮೇಲೆ ಬರಲಿ ಅಂದ್ರಿ."

"ಏನು ಬರೆದಿದೆ, ಓದಿ."

ಅವನು ಓದಿದ. ಕಡ್ಡಿ ನೋಡಿದ, ನಾಲ್ಕೆಲೆ ನೋಡಿದ, ಅವಳ ಮುಖ ನೋಡಿದ. ಓದಿದ್ದು ಅರ್ಥವಾಗುವುದಕ್ಕೆ ಅವನಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಮೇಲೆ ಬಂದಿದೆಯಲ್ರೀ!" ಅಂದ.

"ಬಂದಿದೆ," ಅಂದಳು ಅವಳು. ಎದ್ದು ಹೋಗಿ ಸಸಿಗೆ ನೀರು ಹಿಡಿಯಲು ನಲ್ಲಿ ತಿರುಗಿಸಿದಳು. ಅದು ಸಣ್ಣಗೆ ಸಿಳ್ಳೆ ಹಾಕಿತು. ಅವಳು ತಿರುಗಿ ನೋಡಿದಳು. ಅವನೂ ತಿರುಗಿ ನೋಡಿದ.